ಹಳೆಯ ಲಾರಿಯ ಡೋರ್ ಪ್ಯಾಡ್: ಹಿಡಿತ ಬಿಟ್ಟ ಸ್ಕ್ರೂ, ಕಾಣೆಯಾದ ಕ್ಲಿಪ್ ಸರಿಪಡಿಸುವ ಬಗೆ

ಹಳೆಯ ಲಾರಿಯ ಬಾಗಿಲು ಹಾಕಿದಾಗ ಕೇಳುವ ಕಟಕಟ ಸದ್ದು ಹೆಚ್ಚಾಗಿ ಬಾಗಿಲಿನದಲ್ಲ, ಅದರ ಒಳಮೈಗೆ ಹೊದಿಸಿದ ಹಲಗೆಯದು, ಅಂದರೆ ಡೋರ್ ಪ್ಯಾಡಿನದು. ಎಂಟು ಸ್ಕ್ರೂ ಇರಬೇಕಾದಲ್ಲಿ ಮೂರು ಉಳಿದಿರುತ್ತವೆ. ಆ ಮೂರರಲ್ಲೂ ಎರಡು ಸುಮ್ಮನೆ ತಿರುಗುತ್ತಿರುತ್ತವೆ. ಪ್ಯಾಡಿನ ಕೆಳಭಾಗ ನೀರು ಕುಡಿದು ಹೊಟ್ಟೆ ಬಿಟ್ಟಿರುತ್ತದೆ. ಇದಕ್ಕೆ ಬಹಳ ಕಡೆ ನಡೆಯುವ ರಿಪೇರಿ ಒಂದೇ: 8 ನಂಬರ್ ಸ್ಕ್ರೂ ಹಿಡಿಯದಿದ್ದರೆ 10 ನಂಬರ್ ಹಾಕು, ಅದೂ ಹಿಡಿಯದಿದ್ದರೆ 12 ಹಾಕು. ಹಾಗೆ ಮಾಡಿದಷ್ಟೂ ತೂತು ಅಗಲವಾಗುತ್ತದೆ, ಕೊನೆಗೆ ತಗಡೇ ಹರಿಯುತ್ತದೆ. ಉದ್ದದ ಸ್ಕ್ರೂ ಹಾಕಿದವರ ಗಾಡಿಯಲ್ಲಿ ಗ್ಲಾಸಿನ ಮೇಲೆ ಉದ್ದಕ್ಕೂ ಗೀರು ಬಿದ್ದಿರುವುದನ್ನೂ ನೋಡಬಹುದು.

ಸರಿಯಾದ ರಿಪೇರಿಗೆ ಒಂದು ಬಾಗಿಲಿಗೆ ಅರ್ಧ ದಿನ ಸಾಕು. ಅಂಟು ಒಣಗುವುದಕ್ಕೆ ಮಾತ್ರ ಒಂದು ರಾತ್ರಿ ಬೇಕು. ಇಲ್ಲಿ ಹೇಳಿರುವುದು 1986ರಲ್ಲಿ ರಸ್ತೆಗಿಳಿದ ಟಾಟಾ 407ರಂಥ, ಕಂಪನಿಯಿಂದಲೇ ತಗಡಿನ ಕ್ಯಾಬಿನ್ ಬಂದ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬಾಡಿ ಬಿಲ್ಡರ್ ಹತ್ತಿರ ಮರದ ಚೌಕಟ್ಟಿನಲ್ಲಿ ಕಟ್ಟಿಸಿದ ಕ್ಯಾಬಿನ್ ಆಗಿದ್ದರೆ ತೂತಿನ ರಿಪೇರಿ ಬೇರೆ, ಅದನ್ನು ಮುಂದೆ ಹೇಳಿದೆ.

ಸ್ಕ್ರೂ ಯಾಕೆ ಹಿಡಿತ ಬಿಡುತ್ತದೆ

ಬಾಗಿಲಿನ ಒಳತಗಡು ಸುಮಾರು 0.8 ಮಿ.ಮೀ. ದಪ್ಪ. 8 ನಂಬರ್ ಸೆಲ್ಫ್ ಸ್ಕ್ರೂವಿನ (ತಗಡಿನಲ್ಲಿ ತಾನೇ ಥ್ರೆಡ್ ಕೊರೆದುಕೊಳ್ಳುವ ಸ್ಕ್ರೂ) ಹೊರ ಅಳತೆ 4.2 ಮಿ.ಮೀ., ಅದರ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ 1.4 ಮಿ.ಮೀ. ಅಂದರೆ ತಗಡು ಒಂದು ಪೂರ್ತಿ ಥ್ರೆಡ್ಡಿನಷ್ಟೂ ದಪ್ಪ ಇಲ್ಲ. ಸ್ಕ್ರೂ ನಿಂತಿರುವುದು ತೂತಿನ ಅಂಚಿನ ಒಂದು ತೆಳು ತುಟಿಯ ಮೇಲೆ ಮಾತ್ರ. ಬಿಚ್ಚಿದ ತೂತನ್ನು ಬ್ಯಾಟರಿ ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ ಈ ತುಟಿ ಕಾಣುತ್ತದೆ. ಒಳ್ಳೆಯ ತೂತಿನಲ್ಲಿ ಅದು ಹೊಳೆಯುವ, ಸ್ವಲ್ಪ ಓರೆಯಾದ ಗೆರೆ. ಕೆಟ್ಟ ತೂತಿನಲ್ಲಿ ಅದು ಸವೆದು ನುಣ್ಣಗಾಗಿರುತ್ತದೆ, ಇಲ್ಲವೆ ತುಕ್ಕು ಹಿಡಿದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ.

ಆ ತುಟಿಯನ್ನು ಕೆಡಿಸುವುದು ಮೂರು. ಪವರ್ ಡ್ರಿಲ್ ಹಾಕಿ ಸ್ಕ್ರೂ ಬಿಗಿಯುವುದು ಒಂದು. ಆರ್ಮ್‌ರೆಸ್ಟ್ ಹಿಡಿದು ಬಾಗಿಲು ಎಳೆಯುವಾಗ ಬೀಳುವ ಭಾರ ಇನ್ನೊಂದು. ಮೂರನೆಯದು ನೀರು, ಎಲ್ಲಕ್ಕಿಂತ ದೊಡ್ಡ ಕಾರಣ ಅದೇ. ಗ್ಲಾಸಿನ ಮೇಲೆ ಬಿದ್ದ ಮಳೆ ನೀರು ಗ್ಲಾಸಿನ ಬುಡದ ರಬ್ಬರ್ ಪಟ್ಟಿ (ಬೀಡಿಂಗ್) ದಾಟಿ ಬಾಗಿಲಿನ ಒಳಗೆ ಇಳಿಯುತ್ತದೆ. ಅದು ತಪ್ಪಲ್ಲ, ಬಾಗಿಲು ಇರುವುದೇ ಹಾಗೆ. ಆ ನೀರು ಪ್ಯಾಡಿಗೆ ತಾಗದಂತೆ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಯಾರೋ ಯಾವಾಗಲೋ ಗ್ಲಾಸ್ ಏರಿಸಿ ಇಳಿಸುವ ಮಷೀನ್ ರಿಪೇರಿಗೆ ಅದನ್ನು ಹರಿದು ಎಸೆದಿರುತ್ತಾರೆ. ಅಲ್ಲಿಂದ ಶುರುವಾಗುತ್ತದೆ ಎಲ್ಲ ತೊಂದರೆ.

ಮೊದಲು ತಂದಿಟ್ಟುಕೊಳ್ಳಬೇಕಾದವು

8×13 ಅಳತೆಯ (8 ನಂಬರ್, 13 ಮಿ.ಮೀ. ಉದ್ದ) ಸೆಲ್ಫ್ ಸ್ಕ್ರೂ 25, ಅಷ್ಟೇ ಕಪ್ ವಾಷರ್. ಚೌಕದ ತೂತಿಗೆ ಕೂರುವ ನೈಲಾನ್ ಗ್ರೊಮೆಟ್ (ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಗೂಡು) ಹತ್ತು. ಎಂ5 ಅಳತೆಯ, ಅಂದರೆ 5 ಮಿ.ಮೀ. ಬೋಲ್ಟಿಗೆ ಹೊಂದುವ, ಕಬ್ಬಿಣದ ರಿವೆಟ್ ನಟ್ (ತಗಡಿನ ತೂತನ್ನೇ ಕಚ್ಚಿಕೊಂಡು ನಿಲ್ಲುವ ನಟ್) ಆರು, ಆರ್ಮ್‌ರೆಸ್ಟಿಗೆ ಎಂ6 ನಾಲ್ಕು. 3.2 ಮಿ.ಮೀ. ಪಾಪ್ ರಿವೆಟ್ ಒಂದು ಡಜನ್, 1 ಮಿ.ಮೀ. ತಗಡಿನ ಚೂರು, ರೆಡ್ ಆಕ್ಸೈಡ್ ಪ್ರೈಮರ್ ಒಂದು ಸಣ್ಣ ಡಬ್ಬಿ. ಡ್ರಿಲ್ ಬಿಟ್‌ಗಳಲ್ಲಿ 2.5, 3.2, 3.3, 7, 8, 9 ಮಿ.ಮೀ. ಇರಲಿ. ಸಣ್ಣ ಚೌಕದ ಅರ ಒಂದು, ದಪ್ಪ ಪಾಲಿಥೀನ್ ಹಾಳೆ ಒಂದೂವರೆ ಮೀಟರ್, ಒಂದು ಸುರುಳಿ ಬ್ಯುಟೈಲ್ ಟೇಪ್ (ಮೆತ್ತಗಿನ ರಬ್ಬರಿನಂಥ ಅಂಟು ಪಟ್ಟಿ). ಕ್ಲಿಪ್‌ಗಳನ್ನು ಮಾತ್ರ ಈಗಲೇ ತರಬೇಡಿ. ತೂತು ಅಳೆಯದೆ ತಂದ ಕ್ಲಿಪ್ ಹತ್ತಕ್ಕೆ ಒಂಬತ್ತು ಸಲ ಕೂರುವುದಿಲ್ಲ.

ಪ್ಯಾಡ್ ಬಿಚ್ಚುವುದು

ಬಾಗಿಲಿನಲ್ಲಿ ವೈರಿಂಗ್ ಇದ್ದರೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗ್ಲಾಸನ್ನು ಪೂರ್ತಿ ಮೇಲಕ್ಕೆ ಏರಿಸಿ. ಆಗ ಬಾಗಿಲಿನ ಕೆಳಭಾಗ ಖಾಲಿ ಇರುತ್ತದೆ, ಡ್ರಿಲ್ ಜಾರಿದರೂ ಗ್ಲಾಸಿಗೆ ತಾಗುವುದಿಲ್ಲ.

ಗ್ಲಾಸ್ ಹ್ಯಾಂಡಲಿನ ನಡುವೆ ಸ್ಕ್ರೂ ಅಥವಾ ಪ್ಲಾಸ್ಟಿಕ್ ಮುಚ್ಚಳ ಕಂಡರೆ ಕೆಲಸ ಸುಲಭ. ಏನೂ ಕಾಣದಿದ್ದರೆ ಅದು ಹಿಂದುಗಡೆ ಕುದುರೆ ಲಾಳದ ಆಕಾರದ ಸ್ಪ್ರಿಂಗ್ ಲಾಕಿನಲ್ಲಿ ನಿಂತಿದೆ ಎಂದರ್ಥ. ಒಂದು ಉದ್ದ ಬಟ್ಟೆಯ ಪಟ್ಟಿಯನ್ನು ಹ್ಯಾಂಡಲಿಗೂ ಪ್ಯಾಡಿಗೂ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಬೂಟು ಉಜ್ಜುವ ಹಾಗೆ ಎಡಕ್ಕೆ ಬಲಕ್ಕೆ ಎಳೆಯಿರಿ. ಬಟ್ಟೆ ಲಾಕಿನ ತುದಿಗೆ ಸಿಕ್ಕಿ ಅದನ್ನು ಹೊರಗೆಳೆಯುತ್ತದೆ. ಲಾಕ್ ಹಾರಿ ಎಲ್ಲೋ ಬೀಳುತ್ತದೆ, ಆದ್ದರಿಂದ ಇನ್ನೊಂದು ಕೈ ಅಡ್ಡ ಇಡಿ.

ಆರ್ಮ್‌ರೆಸ್ಟಿನ ಬೋಲ್ಟ್, ಒಳ ಹಿಡಿಕೆಯ ಸ್ಕ್ರೂ ತೆಗೆದ ಮೇಲೆ ಪ್ಯಾಡಿನ ಸುತ್ತಲಿನ ಸ್ಕ್ರೂಗಳು. ತುಕ್ಕು ಹಿಡಿದು ತಲೆ ಸವೆದದ್ದಿದ್ದರೆ ಎಣ್ಣೆ ಬಿಟ್ಟು ಹತ್ತು ನಿಮಿಷ ಬಿಡಿ, ಆಮೇಲೂ ಬಾರದಿದ್ದರೆ ತಲೆಯನ್ನು ಮಾತ್ರ ಡ್ರಿಲ್ ಮಾಡಿ ಹಾರಿಸಿ. ಕ್ಲಿಪ್ ಇರುವ ಪ್ಯಾಡಾದರೆ ಕೈಯಿಂದ ಎಳೆಯಲೇಬೇಡಿ. ಅಗಲವಾದ ಪುಟ್ಟಿ ಬ್ಲೇಡಿಗೆ ಟೇಪ್ ಸುತ್ತಿ ಕ್ಲಿಪ್ಪಿನ ಪಕ್ಕಕ್ಕೇ, ಅಂದರೆ ಎರಡು ಮೂರು ಸೆಂಟಿಮೀಟರ್ ಒಳಗೇ ತೂರಿಸಿ ಮೀಟಿ. ದೂರದಿಂದ ಮೀಟಿದರೆ ಕ್ಲಿಪ್ ಬಾಗಿಲಲ್ಲೇ ಉಳಿದು ಹಾರ್ಡ್‌ಬೋರ್ಡ್ ಹರಿದು ಬರುತ್ತದೆ.

ಬಿಚ್ಚಿದ ಪ್ಯಾಡನ್ನು ಬಾಗಿಲಿನ ಪಕ್ಕ ನಿಲ್ಲಿಸಿ ಪ್ರತಿ ತೂತಿಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿ, ಬಾಗಿಲಿನ ತೂತಿಗೂ ಅದೇ ನಂಬರ್. ಎಲ್ಲಿ ಬಾಗಿಲು ಕೆಟ್ಟಿದೆ, ಎಲ್ಲಿ ಪ್ಯಾಡ್ ಕೆಟ್ಟಿದೆ, ಎಲ್ಲಿ ಎರಡೂ ಎಂಬುದು ಆಗಲೇ ಸ್ಪಷ್ಟವಾಗುತ್ತದೆ.

ತೂತು ನೋಡಿ ರಿಪೇರಿ

ವೈರ್ ಬ್ರಷ್ ಹಾಕಿ ತೂತಿನ ಸುತ್ತ ತುಕ್ಕು ತೆಗೆಯಿರಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತಗಡು ಗಟ್ಟಿ ಇದ್ದರೆ ಮುಂದಿನ ಕೆಲಸ ತೂತಿನ ಅಳತೆಯನ್ನು ಹೊಂದಿಕೊಂಡಿದೆ. ವರ್ನಿಯರ್ ಇಲ್ಲದಿದ್ದರೆ ಡ್ರಿಲ್ ಬಿಟ್ಟಿನ ಹಿಂಭಾಗವನ್ನೇ ಅಳತೆಗೋಲು ಮಾಡಿಕೊಳ್ಳಿ. ಯಾವ ಬಿಟ್ ಅಲುಗಾಡದೆ ಕೂರುತ್ತದೋ ಅದೇ ತೂತಿನ ಅಳತೆ.

ತೂತು ದುಂಡಗೇ ಇದ್ದು 4 ಮಿ.ಮೀ. ದಾಟಿಲ್ಲದಿದ್ದರೆ ಒಂದೇ ಒಂದು ಸಲ 10 ನಂಬರ್ ಸ್ಕ್ರೂಗೆ ಹೋಗಬಹುದು. ಅದರ ಅಳತೆ 4.8 ಮಿ.ಮೀ., ಆದ್ದರಿಂದ ಕಚ್ಚಲು ಇನ್ನೂ ಲೋಹ ಉಳಿದಿರುತ್ತದೆ. ಆದರೆ ಇದು ಕೊನೆಯ ಅವಕಾಶ, ಇದಾದ ಮೇಲೆ 12 ನಂಬರಿಗೆ ಹೋಗಬೇಡಿ. ಹೊಸ ತೂತೇ ಹಾಕಬೇಕಾಗಿ ಬಂದರೆ 8 ನಂಬರ್ ಸ್ಕ್ರೂಗೆ 3.2 ಮಿ.ಮೀ. ಬಿಟ್ ಹಾಕಿ. 2.5ರಲ್ಲಿ ಕೊರೆದು ಜೋರಾಗಿ ತುರುಕಿದರೆ ತಗಡು ಬಾಗಿ ತುಟಿ ಸೀಳುತ್ತದೆ.

ತೂತು 5ರಿಂದ 7 ಮಿ.ಮೀ. ಆಗಿ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಅತ್ಯುತ್ತಮ ಉಪಾಯ ನೈಲಾನ್ ಗ್ರೊಮೆಟ್. ಇದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಚೌಕದ ಅರದಿಂದ ತೂತನ್ನು ಗ್ರೊಮೆಟ್ಟಿನ ಕಾಲಿನ ಅಳತೆಗೆ, ಸಾಮಾನ್ಯವಾಗಿ 7×7 ಅಥವಾ 8×8 ಮಿ.ಮೀ.ಗೆ, ಚೌಕ ಮಾಡಿ. ಪ್ರತಿ ನಾಲ್ಕೈದು ಉಜ್ಜಿಗೂ ಒಮ್ಮೆ ಗ್ರೊಮೆಟ್ ಇಟ್ಟು ನೋಡಿ. ಹೆಬ್ಬೆರಳಿನಿಂದ ಒತ್ತಿದಾಗ ಟಕ್ಕೆಂದು ಕೂರಬೇಕು, ಸಲೀಸಾಗಿ ಜಾರಿ ಹೋದರೆ ತೂತು ಮೀರಿತು. ಚೌಕ ಇರುವುದರಿಂದ ಸ್ಕ್ರೂ ತಿರುಗಿಸುವಾಗ ಗ್ರೊಮೆಟ್ ಜೊತೆಗೆ ತಿರುಗುವುದಿಲ್ಲ. ಸ್ಕ್ರೂ ಲೋಹಕ್ಕೆ ತಾಗದ ಕಾರಣ ತುಕ್ಕೂ ಇಲ್ಲ, ಸದ್ದೂ ಇಲ್ಲ. ಅರ ಹಾಕಿದ ಅಂಚಿಗೆ ಪ್ರೈಮರ್ ಹಚ್ಚಿ ಒಣಗಿಸಿಯೇ ಗ್ರೊಮೆಟ್ ಕೂರಿಸಿ.

ಆರ್ಮ್‌ರೆಸ್ಟ್, ಎಳೆಯುವ ಹಿಡಿಕೆ ಇರುವ ಕಡೆ ನೈಲಾನ್ ಸಾಲದು. ಅಲ್ಲಿ ರಿವೆಟ್ ನಟ್ ಬೇಕು. ಎಂ5 ನಟ್ಟಿಗೆ 7 ಮಿ.ಮೀ., ಎಂ6ಕ್ಕೆ 9 ಮಿ.ಮೀ. ತೂತು. ಅರ್ಧ ಮಿಲಿಮೀಟರ್ ಜಾಸ್ತಿಯಾದರೂ ನಟ್ ಮುಂದೊಂದು ದಿನ ಬೋಲ್ಟ್ ಜೊತೆ ತಿರುಗಲು ಶುರುಮಾಡುತ್ತದೆ. ಮೈಮೇಲೆ ಉದ್ದುದ್ದ ಗೆರೆ ಇರುವ ಕಬ್ಬಿಣದ ನಟ್ಟನ್ನೇ ಕೊಳ್ಳಿ, ಅಲ್ಯೂಮಿನಿಯಂ ಬೇಡ.

ರಿವೆಟ್ ನಟ್ ಗನ್ ಇಲ್ಲದಿದ್ದರೂ ಕೂರಿಸಬಹುದು. 30 ಮಿ.ಮೀ. ಉದ್ದದ ಗಟ್ಟಿ ಅಲನ್ ಬೋಲ್ಟಿಗೆ ಮೊದಲು ಒಂದು ಮಾಮೂಲಿ ನಟ್ಟನ್ನು ತಲೆಯ ತನಕ ಏರಿಸಿ, ಆಮೇಲೆ ಎಣ್ಣೆ ಸವರಿದ ದಪ್ಪ ವಾಷರ್, ಕೊನೆಗೆ ರಿವೆಟ್ ನಟ್. ಇದನ್ನು ತೂತಿಗೆ ತೂರಿಸಿ, ಬೋಲ್ಟ್ ತಿರುಗದಂತೆ ಅಲನ್ ಕೀಯಲ್ಲಿ ಹಿಡಿದುಕೊಂಡು ಮಾಮೂಲಿ ನಟ್ಟನ್ನು ಸ್ಪ್ಯಾನರಿನಿಂದ ತಗಡಿನ ಕಡೆಗೆ ತಿರುಗಿಸಿ. ಮೊದಲು ಹಗುರವಾಗಿ ಹೋಗುತ್ತದೆ. ಹಿಂದುಗಡೆ ರಿವೆಟ್ ನಟ್ಟಿನ ಹೊಟ್ಟೆ ಉಬ್ಬಿ ತಗಡನ್ನು ಕಚ್ಚಿಕೊಂಡಾಗ ಕೈಗೆ ಒಮ್ಮೆಲೇ ಬಿಗಿ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಅರ್ಧ ಸುತ್ತು ಎಂದು ಹೋದರೆ ಒಳಥ್ರೆಡ್ ಕಿತ್ತು ಬರುತ್ತದೆ. ಆ ಬಿಗಿ ಕೈಗೆ ಪರಿಚಯವಾಗಲು ಬೇಡದ ತಗಡಿನ ಮೇಲೆ ಎರಡು ನಟ್ ಹಾಳುಮಾಡಿಕೊಂಡು ಅಭ್ಯಾಸ ಮಾಡಿ. ಬಾಗಿಲಿನ ಮೇಲೆ ಅಭ್ಯಾಸ ಬೇಡ. ನಟ್ಟಿನ ಅಂಚು ತಗಡಿಗಿಂತ ಸುಮಾರು ಒಂದು ಮಿ.ಮೀ. ಎದ್ದು ನಿಲ್ಲುತ್ತದೆ, ಅಷ್ಟು ಜಾಗ ಪ್ಯಾಡಿನ ಹಿಂದೆ ಬಿಡಿಸಿಕೊಡಿ.

ತೂತು ತಗಡಿನ ಅಂಚಿನ ಹತ್ತಿರ ಅಥವಾ ದೊಡ್ಡ ಕಿಂಡಿಯ ಪಕ್ಕ ಇದ್ದರೆ ಇಷ್ಟೆಲ್ಲ ಬೇಡ. ಅಂಚಿಗೆ ಸಿಕ್ಕಿಸುವ ಯು ಆಕಾರದ ಸ್ಪ್ರಿಂಗ್ ಕ್ಲಿಪ್ ಹಾಕಿದರೆ ಎರಡು ನಿಮಿಷದ ಕೆಲಸ.

ತಗಡೇ ಹರಿದಿದ್ದರೆ, ಇಲ್ಲವೆ ಹತ್ತಿರ ಹತ್ತಿರ ನಾಲ್ಕು ತೂತು ಬಿದ್ದು ಜರಡಿಯಾಗಿದ್ದರೆ, ತೇಪೆ ಹಾಕಬೇಕು. 1 ಮಿ.ಮೀ. ತಗಡಿನಲ್ಲಿ 40×40 ಮಿ.ಮೀ. ಚೂರು ಕತ್ತರಿಸಿ, ಮೂಲೆ ದುಂಡಗೆ ಮಾಡಿ, ಎರಡೂ ಕಡೆ ಪ್ರೈಮರ್ ಹಚ್ಚಿ, ನಾಲ್ಕು ಮೂಲೆಗೆ 3.3 ಮಿ.ಮೀ. ತೂತು ಕೊರೆದು 3.2 ಮಿ.ಮೀ. ಪಾಪ್ ರಿವೆಟ್ ಹೊಡೆಯಿರಿ. ತೇಪೆಯ ನಡುವೆ ಹೊಸ ತೂತು. ವೆಲ್ಡಿಂಗ್ ಮಾಡಿಸುವುದಾದರೆ ಸಿಓಟು ವೆಲ್ಡಿಂಗ್ ಇರುವಲ್ಲೇ ಮಾಡಿಸಿ. ಗ್ಯಾಸ್ ವೆಲ್ಡಿಂಗಿನ ಕಾವಿಗೆ ಈ ತೆಳು ತಗಡು ಸುಕ್ಕಾಗುತ್ತದೆ. ಬ್ಯಾಟರಿ ತೆಗೆದು, ಗ್ಲಾಸಿನ ಮೇಲೆ ಒದ್ದೆ ಗೋಣಿಚೀಲ ಹೊದಿಸದೆ ಕೆಲಸ ಶುರುಮಾಡಲು ಬಿಡಬೇಡಿ. ಕಿಡಿ ತಾಗಿದ ಗ್ಲಾಸಿನಲ್ಲಿ ಬೀಳುವ ಚುಕ್ಕೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಎಂ-ಸೀಲ್ ತುಂಬಿ ಅದರಲ್ಲೇ ಸ್ಕ್ರೂ ತಿರುಗಿಸುವ ರಿಪೇರಿಯನ್ನು ಹಲವರು ಕೇಳುತ್ತಾರೆ. ಬೇಡ. ಸೋರಿಕೆ ಮುಚ್ಚಲು ಅದು ಒಳ್ಳೆಯದೇ, ಆದರೆ ಗಟ್ಟಿಯಾದ ಮೇಲೆ ಕುಲುಕಾಟಕ್ಕೆ ಬಿರುಕು ಬಿಟ್ಟು ಉಂಡೆಯಾಗಿ ಕಳಚಿ ಬೀಳುತ್ತದೆ, ತೂತು ಮೊದಲಿಗಿಂತ ದೊಡ್ಡದಾಗಿರುತ್ತದೆ.

ಮರದ ಚೌಕಟ್ಟಿನ ಬಾಗಿಲಾದರೆ ಕೆಟ್ಟ ತೂತನ್ನು 8 ಮಿ.ಮೀ.ಗೆ ಕೊರೆದು, ಅದೇ ಅಳತೆಯ ಗಟ್ಟಿ ಮರದ ಗೂಟಕ್ಕೆ ನೀರು ತಡೆಯುವ ಫೆವಿಕಾಲ್ ಹಚ್ಚಿ ಬಡಿದು ಕೂರಿಸಿ. ಮರುದಿನ ಅಂಚಿಗೆ ಸಮ ಕತ್ತರಿಸಿ 2.5 ಮಿ.ಮೀ. ತೂತು ಹಾಕಿ ಮರದ ಸ್ಕ್ರೂ ಬಿಗಿಯಿರಿ. ಬೆಂಕಿಕಡ್ಡಿ ತುರುಕುವುದು ಊರು ತಲುಪುವ ತನಕ ಸರಿ, ಅದಕ್ಕಿಂತ ಮುಂದೆ ಬೇಡ. ದಬ್ಬಳ ಚುಚ್ಚಿದಾಗ ಮೆತ್ತಗೆ ಒಳಗೆ ಹೋದರೆ ಮರ ಕೊಳೆತಿದೆ, ಆಗ ಗೂಟ ನಿಲ್ಲದು, ಆ ಪಟ್ಟಿಯನ್ನೇ ಬದಲಿಸಬೇಕು.

ಯಾವ ರಿಪೇರಿ ಮಾಡಿದರೂ ಡ್ರಿಲ್ಲಿನ ಪುಡಿಯನ್ನು ಬಾಗಿಲಿನ ತಳದಲ್ಲಿ ಬಿಡಬೇಡಿ. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಳದಲ್ಲಿ ಆಡಿಸಿ. ಚೀಲ ಒಳಗು ಹೊರಗು ಮಾಡಿದರೆ ಪುಡಿಯೆಲ್ಲ ಅದರಲ್ಲೇ. ಅಲ್ಲಿ ಉಳಿದ ಪುಡಿ ಒಂದು ಮಳೆಗಾಲದಲ್ಲಿ ತುಕ್ಕಿನ ಮಡಿಯಾಗುತ್ತದೆ.

ಕ್ಲಿಪ್ ಆರಿಸುವುದು

ಕಾಣೆಯಾದ ಕ್ಲಿಪ್ಪಿಗೆ ಬದಲಿ ಹುಡುಕುವಾಗ ಮೂರು ಅಳತೆ ಬರೆದುಕೊಳ್ಳಿ: ಬಾಗಿಲಿನ ತೂತು, ಪ್ಯಾಡಿನ ಸೀಳಿನಲ್ಲಿ ಕೂರುವ ಕುತ್ತಿಗೆಯ ದಪ್ಪ, ಪ್ಯಾಡಿನಿಂದ ತಗಡಿಗೆ ಇರುವ ಅಂತರ. ಮೆಟ್ಟಿಲು ಮೆಟ್ಟಿಲಾಗಿ ರೆಕ್ಕೆ ಇರುವ ನೈಲಾನ್ ಕ್ಲಿಪ್ಪಿನಲ್ಲಿ ರೆಕ್ಕೆಯ ಅಗಲ ತೂತಿಗಿಂತ ಅರ್ಧದಿಂದ ಒಂದು ಮಿ.ಮೀ. ಹೆಚ್ಚಿರಬೇಕು. ಮುರಿದದ್ದಾದರೂ ಸರಿ, ಹಳೆಯ ಕ್ಲಿಪ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಅಳತೆ ಕೊಟ್ಟರೆ ಹೊಂದುವುದು ಸಿಗುತ್ತದೆ. ಲಾರಿಯ ಹೆಸರು ಹೇಳಿ ಕೇಳುವುದಕ್ಕಿಂತ ಅಳತೆ ಹೇಳಿ ಕೇಳುವುದು ಮೇಲು, ಬೇರೆ ಕಾರಿನ ಕ್ಲಿಪ್ಪೂ ಸರಿಯಾಗಿ ಕೂರಬಹುದು. ಬೇಕಾದ್ದಕ್ಕಿಂತ ನಾಲ್ಕೈದು ಹೆಚ್ಚೇ ತನ್ನಿ. ಗುಜರಿಯಿಂದ ಬಿಚ್ಚಿದ ಹಳೆಯ ನೈಲಾನ್ ಕ್ಲಿಪ್ ಮಾತ್ರ ಬೇಡವೇ ಬೇಡ. ಬಿಸಿಲಿಗೆ ಒಣಗಿದ ನೈಲಾನ್ ಬಾಗುವುದಿಲ್ಲ, ಮುರಿಯುತ್ತದೆ. ಹೊಸ ಕ್ಲಿಪ್ಪೇ ಗಡುಸಾಗಿದ್ದರೆ ಎರಡು ನಿಮಿಷ ಬಿಸಿ ನೀರಿನಲ್ಲಿ ಹಾಕಿ ಕೂರಿಸಿ.

ಪ್ಯಾಡಿನ ಕಡೆ ಹರಿದಿದ್ದರೆ

ಹಾರ್ಡ್‌ಬೋರ್ಡ್ ಪ್ಯಾಡಿನಲ್ಲಿ ಕ್ಲಿಪ್ ಕೂರುವ ಸೀಳು ಹರಿದಾಗ ಮೊದಲು ಬೋರ್ಡನ್ನು ಒಣಗಿಸಿ. ಸಮ ನೆಲದ ಮೇಲೆ ಬೆನ್ನು ಮೇಲೆ ಮಾಡಿ ಮಲಗಿಸಿ, ಭಾರ ಹೇರಿ ಒಂದು ದಿನ ಬಿಡಿ. ಬಿಸಿಲಿಗೆ ಬರಿದೇ ಒರಗಿಸಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಉಬ್ಬಿದ ಪದರವನ್ನು ಬ್ಲೇಡಿನಿಂದ ಕೆರೆದು ಉಪ್ಪು ಕಾಗದ ಉಜ್ಜಿ ಸಮ ಮಾಡಿ. 1 ಮಿ.ಮೀ. ಎಬಿಎಸ್ ಹಾಳೆಯಲ್ಲಿ 60×60 ಮಿ.ಮೀ. ತುಂಡು ಕತ್ತರಿಸಿ, ಅದರಲ್ಲಿ ಬೀಗದ ಕಿಂಡಿಯಂಥ ಸೀಳು ಮಾಡಿ. ದುಂಡು ಭಾಗದಲ್ಲಿ ಕ್ಲಿಪ್ಪಿನ ತಲೆ ತೂರಬೇಕು, ಸೀಳಿನ ಅಗಲ ಕುತ್ತಿಗೆಯಷ್ಟೇ ಇರಬೇಕು. ತೇಪೆಯ ಹಿಂದೆ ಕ್ಲಿಪ್ಪಿನ ತಲೆ ಜಾರುವಷ್ಟು ಬೋರ್ಡನ್ನು ಕೆರೆದು ಜಾಗ ಮಾಡಿ. ಅಂಟಿಸಲು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಒಳ್ಳೆಯದು. ಎರಡೂ ಮೈ ಒರಟು ಮಾಡಿ ಹಚ್ಚಿ, ಭಾರ ಇಟ್ಟು ರಾತ್ರಿ ಬಿಡಿ.

ಕೆಳಗಿನ ಕಾಲು ಭಾಗವೇ ಪುಡಿಯಾಗುತ್ತಿದ್ದರೆ ತೇಪೆಗೆ ಹೊತ್ತು ಕಳೆಯಬೇಡಿ, 3 ಮಿ.ಮೀ. ಪ್ಲೈವುಡ್ಡಿನಲ್ಲಿ ಹೊಸ ಪ್ಯಾಡ್ ಮಾಡಿ. ಹಳೆಯದನ್ನೇ ಮೇಲಿಟ್ಟು ಗೆರೆ ಎಳೆಯಿರಿ. ತೂತಿನ ಜಾಗ ಅಳಿಸಿಹೋಗಿದ್ದರೆ ಬಾಗಿಲಿನ ತೂತುಗಳ ಸುತ್ತ ಸೀಮೆಸುಣ್ಣದ ಪುಡಿ ಕಲಸಿದ ಗ್ರೀಸ್ ಸವರಿ, ಪ್ಲೈಯನ್ನು ಸರಿಯಾದ ಜಾಗದಲ್ಲಿ ಒತ್ತಿ ತೆಗೆದರೆ ಬಳೆಯಾಕಾರದ ಗುರುತು ಮೂಡುತ್ತದೆ. ಗ್ರೀಸ್ ಒರೆಸಿ, ತೂತುಗಳನ್ನೆಲ್ಲ ಕೊರೆದ ಮೇಲೆ ಎರಡೂ ಮೈಗೆ, ಎಲ್ಲ ಅಂಚಿಗೆ, ತೂತಿನ ಒಳಗೂ ವಾರ್ನಿಷ್ ಎರಡು ಕೋಟ್ ಕೊಡಿ. ನೀರು ಏರುವುದು ಕತ್ತರಿಸಿದ ಅಂಚಿನಿಂದಲೇ. ರೆಕ್ಸಿನ್ ಹೊದಿಸುವುದು ಆಮೇಲೆ.

ನೀರಿಗೆ ದಾರಿ ಮಾಡಿಕೊಡುವುದು

ಬಾಗಿಲಿನ ತಳದ ಅಂಚಿನಲ್ಲಿ ಎರಡು ಮೂರು ಕಿಂಡಿಗಳಿವೆ. ಹಳೆಯ ಲಾರಿಯಲ್ಲಿ ಅವು ಮಣ್ಣು, ಪೇಂಟು ತುಂಬಿ ಮುಚ್ಚಿಹೋಗಿರುತ್ತವೆ. ದಪ್ಪ ತಂತಿ ಆಡಿಸಿ ಬಿಡಿಸಿ. ಆಮೇಲೆ ಗ್ಲಾಸಿನ ಹೊರಮೈ ಮೇಲೆ ಒಂದು ಚೊಂಬು ನೀರು ನಿಧಾನವಾಗಿ ಸುರಿದು ಒಳಗಡೆಯಿಂದ ನೋಡುತ್ತಾ ನಿಲ್ಲಿ. ನೀರು ಗ್ಲಾಸಿನ ಕೆಳ ಅಂಚಿನಿಂದ ಹನಿಹನಿಯಾಗಿ ಇಳಿದು ತಳ ಸೇರಿ ಕಿಂಡಿಯಿಂದ ಹೊರಗೆ ಬೀಳಬೇಕು. ತಳದಲ್ಲೇ ನಿಂತರೆ ಇನ್ನೂ ಕಸ ಇದೆ.

ಪಾಲಿಥೀನ್ ಹಾಳೆಯನ್ನು ಬಾಗಿಲಿನ ದೊಡ್ಡ ಕಿಂಡಿಗಳೆಲ್ಲ ಮುಚ್ಚುವಷ್ಟು ಕತ್ತರಿಸಿ, ಮೇಲೆ ಮತ್ತು ಎರಡು ಪಕ್ಕ ಬ್ಯುಟೈಲ್ ಟೇಪಿನಲ್ಲಿ ಅಂಟಿಸಿ. ಕೆಳ ಅಂಚನ್ನು ಹೊರಗೆ ಅಂಟಿಸಬೇಡಿ. ಕೆಳಗಿನ ಕಿಂಡಿಯ ಮೂಲಕ ಬಾಗಿಲಿನ ಒಳಕ್ಕೆ ಮಡಚಿ ಬಿಡಿ. ಹಾಳೆಯ ಮೇಲೆ ಇಳಿದ ನೀರು ಬಾಗಿಲಿನ ಒಳಗೇ ಬೀಳಬೇಕು, ಪ್ಯಾಡಿನ ಬೆನ್ನಿಗಲ್ಲ. ಸೆಲ್ಲೋಟೇಪ್ ಹಾಕಿದರೆ ಮೊದಲ ಬೇಸಿಗೆಗೇ ಬಿಟ್ಟುಕೊಳ್ಳುತ್ತದೆ.

ಮತ್ತೆ ಕೂರಿಸುವುದು

ಪ್ಯಾಡ್ ಇಡುವ ಮುಂಚೆ ಗ್ಲಾಸ್ ಮೇಲೆ ಕೆಳಗೆ ಮಾಡಿ, ಲಾಕ್ ನೋಡಿ. ಕ್ಲಿಪ್ ಇದ್ದರೆ ಪ್ರತಿಯೊಂದೂ ತನ್ನ ತೂತಿನ ಎದುರಿಗೆ ಇದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಅಂಗೈಯಿಂದ ಒಂದೊಂದಾಗಿ ಗುದ್ದಿ. ಓರೆಯಾದ ಕ್ಲಿಪ್ಪನ್ನು ಗುದ್ದಿದರೆ ನೀವು ನಿನ್ನೆ ಹಾಕಿದ ತೇಪೆಯೇ ಕಿತ್ತುಬರುತ್ತದೆ.

ಸ್ಕ್ರೂಗಳನ್ನು ಎಲ್ಲವನ್ನೂ ಮೊದಲು ಎರಡು ಸುತ್ತಷ್ಟೇ ಹಿಡಿಸಿ, ಮೇಲಿನ ನಡುಭಾಗದಿಂದ ಶುರುಮಾಡಿ ಪಕ್ಕಕ್ಕೆ, ಕೆಳಕ್ಕೆ ಬಿಗಿಯುತ್ತಾ ಬನ್ನಿ. ಹಳೆಯ ಒಳ್ಳೆಯ ತೂತಿಗೆ ಸ್ಕ್ರೂ ಹಾಕುವಾಗ ಮೊದಲು ಹಿಂದಕ್ಕೆ, ಬಿಚ್ಚುವ ಕಡೆಗೆ ಮೆಲ್ಲಗೆ ತಿರುಗಿಸಿ. ಒಂದು ಕಡೆ ಟಿಕ್ ಎಂದು ತುಸು ಒಳಗೆ ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಹಳೆಯ ಥ್ರೆಡ್ಡಿನ ಬಾಯಿ ಅದೇ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಸ್ಕ್ರೂ ಹಳೆಯ ದಾರಿಯಲ್ಲೇ ಹೋಗುತ್ತದೆ, ಹೊಸದಾಗಿ ಕೊರೆಯುವುದಿಲ್ಲ. ಹತ್ತು ಸಲ ಬಿಚ್ಚಿ ಹಾಕಿದರೂ ತೂತು ಕೆಡದಿರಲು ಇದೊಂದು ಅಭ್ಯಾಸ ಸಾಕು. ಬಿಗಿಯುವುದು ಕೈಯ ಸ್ಕ್ರೂಡ್ರೈವರಿನಲ್ಲೇ, ಕಪ್ ವಾಷರ್ ರೆಕ್ಸಿನ್‌ಗೆ ಕೂತು ಸಣ್ಣ ಗುಳಿ ಬಿದ್ದ ಕೂಡಲೇ ನಿಲ್ಲಿಸಿ.

ಆರ್ಮ್‌ರೆಸ್ಟಿನ ಬೋಲ್ಟಿಗೆ ನೀಲಿ ಥ್ರೆಡ್ ಲಾಕರ್ ಒಂದು ಹನಿ ಹಾಕಬಹುದು. ಆರ್ಮ್‌ರೆಸ್ಟ್ ಪ್ಲಾಸ್ಟಿಕ್ಕಿನದಾಗಿದ್ದರೆ ಅದು ತಾಗದಂತೆ ನೋಡಿಕೊಳ್ಳಿ, ತಾಗಿದ ಜಾಗದಲ್ಲಿ ಪ್ಲಾಸ್ಟಿಕ್ ಬಿರಿಯುತ್ತದೆ. ಅನುಮಾನವಿದ್ದರೆ ಸ್ಪ್ರಿಂಗ್ ವಾಷರ್ ಹಾಕಿ.

ಗ್ಲಾಸ್ ಹ್ಯಾಂಡಲಿನ ಲಾಳದ ಲಾಕನ್ನು ಮೊದಲು ಹ್ಯಾಂಡಲಿಗೇ ಸಿಕ್ಕಿಸಿ, ಆಮೇಲೆ ಹ್ಯಾಂಡಲನ್ನು ಅಂಗೈಯಿಂದ ಗುದ್ದಿ ಕೂರಿಸಿ. ಕೊನೆಗೆ ಗ್ಲಾಸನ್ನು ಪೂರ್ತಿ ಕೆಳಗಿಳಿಸಿ, ಪೂರ್ತಿ ಏರಿಸಿ, ಕಿವಿಗೊಟ್ಟು ಕೇಳಿ. ಎಲ್ಲಾದರೂ ಕರ್ ಎಂದರೆ ಯಾವುದೋ ಸ್ಕ್ರೂವಿನ ತುದಿ ಗ್ಲಾಸಿಗೋ ಮಷೀನಿಗೋ ತಾಗುತ್ತಿದೆ, ಅದನ್ನು ತೆಗೆದು ಗಿಡ್ಡದು ಹಾಕಿ. ಒಂದು ವಾರ ಓಡಿಸಿದ ಮೇಲೆ ಎಲ್ಲ ಸ್ಕ್ರೂ ಒಮ್ಮೆ ಕೈಯಲ್ಲಿ ಮುಟ್ಟಿ ನೋಡಿ. ಹೊಸ ರೆಕ್ಸಿನ್ ತಗ್ಗಿದ್ದರೆ ಕಾಲು ಸುತ್ತು ಬಿಗಿ ಹಿಡಿಯುತ್ತದೆ, ನೈಲಾನ್ ಗ್ರೊಮೆಟ್ಟಿನವನ್ನು ಮಾತ್ರ ಇದ್ದ ಹಾಗೇ ಬಿಡಿ.